ಕಪ್ಪಾಗದ ಬಿಟ್

ಕೆಂಪುಕಿವಿ ಆವತ್ತು ಬೆಳಿಗ್ಗೆ "ಇಲ್ಲ" ಎಂಬ ಎರಡಕ್ಷರವನ್ನು ಹೇಳಿಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಹೇಳಲಿಲ್ಲ. ಮಾತು ಕಲಿತಾಗಿನಿಂದ ಅವನ ಬಾಯಿಗೆ ಬಾರದ ಮಾತು ಅದೊಂದೇ.

ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ. ಬೇರೆಯವರಿಗೆ ವರ್ಷಕ್ಕೆ ಆಗುವಷ್ಟು ಸಿಟ್ಟು ಅವನಿಗೆ ಒಂದು ಹೊತ್ತಿನಲ್ಲಿ ಬರುತ್ತಿತ್ತು. ಆದರೆ ಹೊಟ್ಟೆಯಿಂದ ಹೊರಟ ಸಿಟ್ಟು ಬಾಯಿಯ ದಾರಿ ಹಿಡಿಯದೆ, ಅದೇನು ಗ್ರಹಚಾರವೋ, ನೆಟ್ಟಗೆ ಕಿವಿಗೆ ಹೋಗಿ ನಿಲ್ಲುತ್ತಿತ್ತು. ಕಿವಿಯ ಹಾಲೆಗಳು ಬೆಂದ ಟೊಮೇಟೊ ಹಣ್ಣಿನ ಹಾಗೆ ಕೆಂಪೇರುತ್ತಿದ್ದವು. ಬಾಯಿ ಮಾತ್ರ "ಆಗಲಿ, ಪರವಾಗಿಲ್ಲ" ಅನ್ನುತ್ತಿತ್ತು. ಹೀಗಾಗಿ ಅವನ ನಿಜವಾದ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕವೊಂದಕ್ಕೇ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಕೆಂಪುಕಿವಿ.

ಕಾರ್ಖಾನೆಯಲ್ಲಿ ಲಿಫ್ಟಿನ ಗುಂಡಿಗಳ ಹಿಂದೆ ಕೂರುವ ಸರ್ಕ್ಯೂಟ್ ಬೋರ್ಡುಗಳನ್ನು ಮಾಡುತ್ತಿದ್ದರು. ಉದ್ದನೆಯ ಒಂದು ಕೋಣೆ, ಒಂಬತ್ತು ಮೇಜು, ಒಂಬತ್ತು ಸೋಲ್ಡರಿಂಗ್ ಐರನ್. ಐರನ್ನಿನ ಮೂತಿಗೆ ಸಿಕ್ಕಿಸುವ ಕಿರುಬೆರಳಿನುದ್ದದ ಲೋಹದ ತುಂಡಿಗೆ ಬಿಟ್ ಅನ್ನುತ್ತಾರೆ. ಒಳಗೆ ತಾಮ್ರ, ಮೇಲೆ ಕಬ್ಬಿಣದ ತೆಳ್ಳನೆಯ ಅಂಗಿ. ಕಾದ ಬಿಟ್ಟಿನಿಂದ ಸೋಲ್ಡರ್ ತಂತಿ ಕರಗಿಸಿ ಒಂದೊಂದೇ ಬೆಸುಗೆ ಹಾಕಬೇಕು. ಹಿಂದೆ ಸೋಲ್ಡರಿನಲ್ಲಿ ಸೀಸ ಇತ್ತು. ಅದು ಸೋದರಮಾವನ ಹಾಗೆ, ಸ್ವಲ್ಪ ಬೆಚ್ಚಗೆ ಮಾತಾಡಿಸಿದರೂ ಕರಗುತ್ತಿತ್ತು. ಸೀಸ ವಿಷ ಎಂದು ಅದನ್ನು ನಿಲ್ಲಿಸಿ, ಬರೀ ತವರವೇ ತುಂಬಿದ ಹೊಸ ಸೋಲ್ಡರ್ ತಂದ ಮೇಲೆ ಎಲ್ಲರ ಗೋಳು ಶುರುವಾಯಿತು. ಇದು ಬೀಗರ ಜಾತಿಯದು. ಎಷ್ಟು ಕಾಯಿಸಿದರೂ ಬಿಗುಮಾನ, ಕರಗಿದ ಮೇಲೆ ಕರಗಿಸಿದವನನ್ನೇ ತಿನ್ನುವ ಬುದ್ಧಿ. ಬಿಟ್ಟಿನ ಕಬ್ಬಿಣದ ಅಂಗಿಯನ್ನು ಅದು ಮೆಲ್ಲಮೆಲ್ಲಗೆ ತಿಂದುಹಾಕುತ್ತಿತ್ತು. ಜನ ಉರಿ ಹೆಚ್ಚಿಸಿದರು. ಬಿಟ್ ಸುಟ್ಟು ಕರ್ರಗಾಗಿ, ಅದರ ಮೇಲೆ ಸೋಲ್ಡರ್ ನಿಲ್ಲದೆ ಗೋಲಿಯ ಹಾಗೆ ಉರುಳಿಹೋಗತೊಡಗಿತು. ವಾರಕ್ಕೊಂದು ಬಿಟ್ ಸಾಯುತ್ತಿತ್ತು.

ಸಾಯದೆ ಉಳಿದದ್ದು ಮೂರನೇ ಮೇಜಿನ ಕೆಂಪುಕಿವಿಯದೊಂದೇ. ನಾಲ್ಕು ತಿಂಗಳಿನಿಂದ ಅದೇ ಬಿಟ್. ಅವನು ಅದನ್ನು ಆರಿಸಿದ್ದೇ ಹಾಗೆ. ಸೂಜಿಮೊನೆಯದನ್ನು ಮುಟ್ಟಲಿಲ್ಲ. ಮೊನೆ ಚೂಪಾದಷ್ಟೂ ಶಾಖ ದಾಟುವುದು ಕಷ್ಟ, ಆಗ ಕೈ ತಾನಾಗಿ ಉರಿ ಏರಿಸುತ್ತದೆ. ಗಿಡ್ಡ, ಅಗಲ ಬಾಯಿಯ, ದಪ್ಪ ಅಂಗಿಯ ಒಂದನ್ನು ಭೂತಗನ್ನಡಿ ಹಿಡಿದು ಹುಡುಕಿದ್ದ. ಉರಿ ಮುನ್ನೂರೈವತ್ತು ಡಿಗ್ರಿ ದಾಟಬಿಡುತ್ತಿರಲಿಲ್ಲ. ಒದ್ದೆ ಸ್ಪಂಜಿಗೆ ಒತ್ತಿ ಚುಂಯ್ ಅನ್ನಿಸುವ ಬದಲು ಹಿತ್ತಾಳೆ ನಾರಿನಲ್ಲಿ ಹಗುರಾಗಿ ಒರೆಸುತ್ತಿದ್ದ. ಕೆಳಗಿಡುವ ಮುಂಚೆ ತುದಿಗೆ ಒಂದಿಷ್ಟು ಸೋಲ್ಡರ್ ಬಳಿಯುತ್ತಿದ್ದ, ಮಲಗಿದ ಮಗುವಿಗೆ ಹೊದಿಸುವವನ ಹಾಗೆ. ಚಹಾಕ್ಕೆ ಎದ್ದರೆ ಸ್ವಿಚ್ ಆರಿಸಿಯೇ ಏಳುತ್ತಿದ್ದ.

ಇದರಿಂದ ಅವನಿಗೆ ಸಿಕ್ಕ ಮರ್ಯಾದೆ ಒಂದೇ, ಅದೂ ಅವನಿಗೊಬ್ಬನಿಗೇ ಕಾಣುವಂಥದ್ದು. ಮುಗಿದ ಬೋರ್ಡುಗಳನ್ನು ಒಂಬತ್ತು ಮೇಜಿನವರೂ ಒಂದೇ ನೀಲಿ ಟ್ರಾಲಿಗೆ ಹಾಕುತ್ತಿದ್ದರು. ಯಾವುದು ಯಾರದೆಂದು ಆಮೇಲೆ ಮಾಡಿದ ಕೈಗೂ ಗೊತ್ತಾಗುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಬರೆದಿಡುತ್ತಿದ್ದದ್ದು ಬಿಟ್ಟುಗಳನ್ನು ಮಾತ್ರ. ಸತ್ತ ಬಿಟ್ ಕೊಟ್ಟು, ರಿಜಿಸ್ಟರಿನಲ್ಲಿ ನಿಮ್ಮ ಪುಟದಲ್ಲಿ ಸಹಿ ಹಾಕಿದರೆ ಹೊಸದು. ಉಳಿದವರ ಪುಟಗಳು ಕೆಳಗಿನ ತನಕ ಸಹಿಯಿಂದ ತುಂಬಿದ್ದವು. ಅವನ ಪುಟ ನಾಲ್ಕು ತಿಂಗಳಿನಿಂದ ಬೆಳ್ಳಗಿತ್ತು. ಒಂದು ದಿನ ಯಾರಾದರೂ ಆ ಪುಟ ನೋಡುತ್ತಾರೆ ಎಂದು ಅವನು ಒಳಗೊಳಗೇ ಕಾಯುತ್ತಿದ್ದ.

ಆ ದಿನ ಇವತ್ತು. ಸಂಜೆ ನಾಲ್ಕಕ್ಕೆ ಹೆಡ್ ಆಫೀಸಿನ ಮೇಡಂ ಬರುವವರಿದ್ದರು. ಒಂಬತ್ತು ಮೇಜಿನಲ್ಲಿ ಒಂದನ್ನು ತೆಗೆಯುತ್ತಾರಂತೆ, ಆ ಮೇಜಿನವನು ನಾಳೆಯಿಂದ ಪ್ಯಾಕಿಂಗಿಗೆ. ಬೇರೆ ಯಾರಿಗಾದರೂ ಪ್ಯಾಕಿಂಗ್ ಎಂದರೆ ಬರೀ ರಟ್ಟಿನ ಡಬ್ಬ ಮತ್ತು ಟೇಪು. ಕೆಂಪುಕಿವಿಗೆ ಅದಕ್ಕಿಂತ ದೊಡ್ಡ ಸಂಕಟವಿತ್ತು. ಪ್ಯಾಕಿಂಗಿನ ಮುಖ್ಯಸ್ಥ ಅವನ ಹೆಂಡತಿಯ ತಮ್ಮ. ಈ ಬಾಮೈದನಿಗೆ ಹೊಕ್ಕುಳ ಮೇಲೆ ಚಡ್ಡಿ ನಿಲ್ಲಿಸಲು ಹೇಳಿಕೊಟ್ಟವನೇ ಕೆಂಪುಕಿವಿ. ಈಗ ಅವನ ಮುಂದೆ ಕೈಕಟ್ಟಿ ನಿಂತು, ಡಬ್ಬಕ್ಕೆ ಟೇಪು ಎಷ್ಟು ಸುತ್ತು ಹಾಕಲಿ ಎಂದು ಕೇಳಬೇಕು. ಮನೆಗೆ ಬಂದ ಮೇಲೆ ಅದೇ ಮುಖವನ್ನು ಊಟಕ್ಕೂ ನೋಡಬೇಕು.

ಬೆಳಿಗ್ಗೆ ಹೊರಡುವಾಗ ಹೆಂಡತಿ ಚಪ್ಪಲಿಯ ಹತ್ತಿರವೇ ಅಡ್ಡ ನಿಂತಿದ್ದಳು.

"ಇವತ್ತೊಂದಿನ ಆದ್ರೂ ಬಾಯಿ ಬಿಡ್ರಿ. ಕಿವಿ ನೋಡಿ ಯಾರೂ ಕೆಲಸ ಉಳಿಸಲ್ಲ."

ಅವನು ಆಗಲಿ ಅಂದಿದ್ದ.

ಎಂಟೂಕಾಲಿಗೆ ಪಕ್ಕದ ನಾಲ್ಕನೇ ಮೇಜಿನ ಹೊಗೆರಾಯ ಎದ್ದು ಬಂದ. ಸದಾ ನಾನೂರೈವತ್ತು ಡಿಗ್ರಿಯಲ್ಲಿ ಕೆಲಸ ಮಾಡುವ ಈತನ ತಲೆಯ ಮೇಲೆ ಯಾವಾಗಲೂ ಒಂದು ಸಣ್ಣ ಮೋಡ ನಿಂತಿರುತ್ತಿತ್ತು, ಆ ಮೋಡದಿಂದಲೇ ಬಂದ ಹೆಸರು ಅದು. ಮನುಷ್ಯ ಒಳ್ಳೆಯವನೇ. ಕೈ ಇಟ್ಟದ್ದೆಲ್ಲ ಹಾಳಾಗುತ್ತಿತ್ತು, ಅಷ್ಟೆ.

"ಅಣ್ಣಾ, ನನ್ನ ಬಿಟ್ ಸತ್ತೋಯ್ತು. ಸ್ಟೋರ್ ಇನ್ನೂ ತೆಗೆದಿಲ್ಲ. ನಿಂದು ಒಂದರ್ಧ ಗಂಟೆ ಕೊಡು."

ಇಲ್ಲ ಅನ್ನಬೇಕಾದ ಹೊತ್ತು ಇದು. ಕೆಂಪುಕಿವಿಯ ಹೊಟ್ಟೆಯಲ್ಲಿ ಇಲ್ಲ ಎಂಬ ಮಾತು ಹುಟ್ಟಿತು, ಎದೆಯ ತನಕ ಏರಿತು, ಗಂಟಲಿಗೆ ಬಂದು ದಾರಿ ತಪ್ಪಿ ಕಿವಿಗೆ ಹೋಯಿತು. ಬಾಯಿ "ತಗೋ, ಪರವಾಗಿಲ್ಲ" ಅಂದಿತು. ತನ್ನ ಕೈಯೇ ಬಿಟ್ ಬಿಚ್ಚಿ ಕೊಡುವುದನ್ನು ಅವನು ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿದ.

ಅರ್ಧ ಗಂಟೆ ಒಂದೂವರೆ ಗಂಟೆಯಾಯಿತು. ಖಾಲಿ ಐರನ್ ಮುಂದಿಟ್ಟುಕೊಂಡು ಅವನು ಹಲ್ಲಿಲ್ಲದವನು ಕಬ್ಬಿನ ಮುಂದೆ ಕೂತ ಹಾಗೆ ಕೂತಿದ್ದ. ಪಕ್ಕದಿಂದ ಹೊಗೆ ಬರುತ್ತಿತ್ತು. ತನ್ನ ಬಿಟ್ಟಿನದೇ ಹೊಗೆ ಎಂದು ಅವನ ಮೂಗಿಗೆ ಗೊತ್ತಾಗುತ್ತಿತ್ತು. ಆಮೇಲೆ ಕರಕರ ಎಂದು ಒಂದು ಸದ್ದು ಬಂತು. ಆ ಸದ್ದು ಅವನ ಬೆನ್ನುಮೂಳೆಯ ಮೇಲೆಯೇ ಹರಿದ ಹಾಗಾಯಿತು, ಆದರೂ ತಿರುಗಿ ನೋಡಲಿಲ್ಲ. ನೋಡಿದರೆ ಏನಾದರೂ ಹೇಳಬೇಕಾಗುತ್ತದೆ.

ಹೊಗೆರಾಯ ಬಿಟ್ ತಂದು ಮೇಜಿನ ಮೇಲಿಟ್ಟ. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಸ್ವಲ್ಪ ಕರಿ ಕೂತಿತ್ತಣ್ಣ. ಬೇರೆಯವರ ಸಾಮಾನು ಹಾಗೇ ಕೊಡಬಾರದು ಅಂತ ಅರ ಹಾಕಿ ಚೆನ್ನಾಗಿ ಉಜ್ಜಿ ತಂದಿದೀನಿ."

ನಾಲ್ಕು ತಿಂಗಳು ಕಾಪಾಡಿದ ಕಬ್ಬಿಣದ ಅಂಗಿ ಅರದ ಹಲ್ಲಿಗೆ ಹೋಗಿತ್ತು. ಒಳಗಿನ ತಾಮ್ರ ಚರ್ಮ ಸುಲಿದ ಮೊಣಕಾಲಿನ ಹಾಗೆ ಗುಲಾಬಿಯಾಗಿ ಇಣುಕುತ್ತಿತ್ತು. ಕೆಂಪುಕಿವಿ ಅದನ್ನು ಹಾಕಿಕೊಂಡು ಇಪ್ಪತ್ತು ಬೆಸುಗೆ ಹಾಕಿ ನೋಡಿದ. ಬತ್ತಲೆ ತಾಮ್ರ ಸಿಕ್ಕಿದ್ದೇ ತಡ, ತವರ ಹಸಿದವರ ಹಾಗೆ ನುಗ್ಗಿತು. ಇಪ್ಪತ್ತನೆಯ ಬೆಸುಗೆಯ ಹೊತ್ತಿಗೆ ತುದಿಯಲ್ಲಿ ಹುಳುಕು ಹಲ್ಲಿನಂಥ ಒಂದು ಗುಳಿ ಬಿದ್ದಿತ್ತು. ಸಂಜೆ ನಾಲ್ಕಕ್ಕೆ ಮೇಡಂ ಬರುತ್ತಾರೆ. ಅವನ ಕೈಯಲ್ಲಿ ಸತ್ತ ಬಿಟ್.

ಸತ್ತದ್ದು ಕೊಟ್ಟರೆ ಹೊಸದು ಸಿಗುತ್ತದಲ್ಲ ಎಂದು ಸ್ಟೋರಿನ ಕಿಟಕಿಗೆ ಹೋದ. ಸ್ಟೋರ್ ಕೀಪರ್ ಕಣ್ಣಿಗಿಂತ ಕನ್ನಡಕವನ್ನು, ಕನ್ನಡಕಕ್ಕಿಂತ ನಿಯಮವನ್ನು ನಂಬುವ ಮನುಷ್ಯ. ಬಿಟ್ ಸತ್ತಿದೆಯೋ ಇಲ್ಲವೋ ತಿಳಿಯಲು ಅವನದೇ ಒಂದು ಪರೀಕ್ಷೆ ಇತ್ತು. ಬಿಟ್ಟಿನಿಂದ ಬಿಳಿ ಕಾಗದದ ಮೇಲೆ ಒಂದು ಗೆರೆ ಎಳೆಯುತ್ತಿದ್ದ. ಕಪ್ಪು ಗೆರೆ ಬಿದ್ದರೆ ಸತ್ತಿದೆ, ಬೀಳದಿದ್ದರೆ ಬದುಕಿದೆ. ಕೆಂಪುಕಿವಿಯ ಬಿಟ್ ಎಳೆದ. ಗೆರೆ ಬೀಳಲಿಲ್ಲ. ಮತ್ತೊಮ್ಮೆ ಎಳೆದ. ಕಾಗದ ಹರಿಯಿತು.

"ಏನ್ ಸ್ವಾಮಿ, ಹೊಸದಕ್ಕಿಂತ ಚೆನ್ನಾಗಿ ಹೊಳೀತಿದೆ. ಇದನ್ನ ತಗೊಂಡು ನಾನೇನು ಬರೀಲಿ? ಕಪ್ಪಾದ ಮೇಲೆ ತನ್ನಿ."

ಗುಳಿ ತೋರಿಸಿದ. ನಿಯಮದಲ್ಲಿ ಗುಳಿಯ ಮಾತು ಇರಲಿಲ್ಲ. ಕಿವಿ ಕಾದವು. ಬಾಯಿ "ಆಗಲಿ" ಅಂದಿತು.

ಹೀಗೆ, ಕೋಣೆಯಲ್ಲಿ ಒಂದು ಬಿಟ್ಟನ್ನೂ ಸುಡದಿದ್ದ ಏಕೈಕ ಮನುಷ್ಯ ಹತ್ತೂವರೆಗೆ ಮೇಜಿಗೆ ವಾಪಸು ಬಂದು, ಜೀವನದಲ್ಲಿ ಮೊದಲ ಬಾರಿಗೆ ಉರಿಯ ಗುಬುಟನ್ನು ನಾನೂರೈವತ್ತಕ್ಕೆ ತಿರುಗಿಸಿ, ತುದಿಗೆ ಸೋಲ್ಡರ್ ಬಳಿಯದೆ ಬಿಟ್ ಒಣಗಿಸಿಟ್ಟು, ಅದು ಕಪ್ಪಾಗುವುದನ್ನು ಕೈಕಟ್ಟಿ ಕಾಯುತ್ತ ಕೂತ. ಅವಮಾನದಿಂದ ಅವನಿಗೆ ಅತ್ತಿತ್ತ ನೋಡಲಾಗಲಿಲ್ಲ.

ಐದನೇ ಮೇಜಿನ ಅಕ್ಕನಿಗೆ ಇಷ್ಟು ಸಾಕಾಗಿತ್ತು. ಆಕೆ ಬೋರ್ಡಿಗಿಂತ ಸುದ್ದಿಯನ್ನು ಬೇಗ ಬೆಸೆಯುವವಳು. ಕೆಂಪುಕಿವಿ ಬೇಕೆಂದೇ ಬಿಟ್ ಸುಡುತ್ತಿದ್ದಾನೆ ಎಂದು ಆರನೇ ಮೇಜಿಗೆ ಹೇಳಿದಳು. ಅದು ಒಂಬತ್ತನೇ ಮೇಜು ಮುಟ್ಟುವಾಗ ಕೆಂಪುಕಿವಿ ಮನೆಯಲ್ಲಿ ಜಗಳ ಆಡಿ ಬಂದಿದ್ದಾನೆ ಎಂದಾಗಿ, ಒಂದನೇ ಮೇಜಿಗೆ ತಿರುಗಿ ಬರುವಾಗ ಅವನಿಗೆ ತಲೆ ಸರಿಯಿಲ್ಲ ಎಂದಾಗಿತ್ತು. ಜನ ಒಬ್ಬೊಬ್ಬರಾಗಿ ಬಂದು ಸಲಹೆ ಕೊಟ್ಟರು. ಒಬ್ಬ ಎಣ್ಣೆ ಹಚ್ಚಿದರೆ ಬೇಗ ಕರಿಯಾಗುತ್ತದೆ ಅಂದ. ಇನ್ನೊಬ್ಬ ಬೂಟ್ ಪಾಲಿಶ್ ಅಂದ. ಹೊಗೆರಾಯ ಮಾತ್ರ ದೂರದಲ್ಲಿ ನಿಂತು, ಅಷ್ಟು ಕಷ್ಟಪಟ್ಟು ಉಜ್ಜಿಕೊಟ್ಟದ್ದನ್ನು ಹೀಗೆ ಸುಡುವುದೇ ಎಂದು ಅಕ್ಕನ ಹತ್ತಿರ ನೊಂದುಕೊಂಡ. ಅಕ್ಕ, ಬಿಡಪ್ಪ, ಒಳ್ಳೇತನಕ್ಕೆ ಕಾಲ ಇಲ್ಲ ಅಂದಳು. ಇದು ಕೆಂಪುಕಿವಿಯ ಎರಡೂ ಕಿವಿಗೆ ಬಿತ್ತು. ಆಗ ಆ ಕಿವಿಗಳಿಗೆ ಸೋಲ್ಡರ್ ತಂತಿ ತಾಗಿಸಿದ್ದರೆ ಕರಗುತ್ತಿತ್ತೇನೋ.

ಬಿಟ್ ಕಪ್ಪಾಗುವಾಗ ಹನ್ನೆರಡು. ಹನ್ನೆರಡರಿಂದ ಒಂದರ ತನಕ ಸ್ಟೋರಿಗೆ ಊಟ. ಒಂದಕ್ಕೆ ಕಿಟಕಿ ತೆರೆಯಿತು. ಸ್ಟೋರ್ ಕೀಪರ್ ಗೆರೆ ಎಳೆದ. ಕಾಡಿಗೆಯಂಥ ಗೆರೆ ಬಿತ್ತು.

"ಈಗ ನೋಡಿ, ಸರಿಯಾಗಿ ಸತ್ತಿದೆ" ಎಂದು ಡಬ್ಬ ಮುಂದೆ ತಳ್ಳಿದ.

ಡಬ್ಬದ ತುಂಬ ಸೂಜಿಮೊನೆಯವೇ. ಕೆಂಪುಕಿವಿ ಜೇಬಿನಿಂದ ಭೂತಗನ್ನಡಿ ತೆಗೆದ. ಬದನೆಕಾಯಿ ಆರಿಸುವವರ ಹಾಗೆ ಒಂದೊಂದನ್ನೇ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ಕೆಳಗಿಟ್ಟ. ಒಂದರ ಅಂಗಿ ತೆಳು. ಒಂದರ ಮೇಲೆ ಸೂಜಿ ಚುಚ್ಚಿದಂಥ ತೂತು. ಒಂದರ ಬುಡ ಐರನ್ನಿನಲ್ಲಿ ಅಲ್ಲಾಡುವಷ್ಟು ಸಡಿಲ. ಹಿಂದೆ ಐದು ಜನ ಸತ್ತ ಬಿಟ್ ಹಿಡಿದು ಸಾಲು ನಿಂತಿದ್ದರು. ಹೆಣ್ಣು ನೋಡೋಕೆ ಬಂದಿದಾನೋ ಬಿಟ್ ಒಯ್ಯೋಕೆ ಬಂದಿದಾನೋ ಎಂದು ಒಬ್ಬ ಗೊಣಗಿದ. ಕೆಂಪುಕಿವಿ ಕೇಳಿಸಿಕೊಳ್ಳಲಿಲ್ಲ. ಡಬ್ಬದ ತಳದಲ್ಲಿ, ಹರಿದ ಪೊಟ್ಟಣವೊಂದರಲ್ಲಿ, ಗಿಡ್ಡ ಕುತ್ತಿಗೆಯ ಅಗಲ ಬಾಯಿಯ ಒಂದು ಸಿಕ್ಕಿತು. ಅಂಗಿ ದಪ್ಪ, ನುಣುಪು, ಒಂದು ಚುಕ್ಕೆ ಇಲ್ಲ. ಹಳೆಯದಕ್ಕಿಂತ ಒಂದು ಕೈ ಮೇಲು. ಬೆಳಗಿನಿಂದ ಮೊದಲ ಬಾರಿಗೆ ಅವನ ಕಿವಿ ತಣ್ಣಗಾದವು.

ಸ್ಟೋರ್ ಕೀಪರ್ ರಿಜಿಸ್ಟರಿನಲ್ಲಿ ಅವನ ಪುಟ ಹುಡುಕಿ, ಮೇಲಿನ ಧೂಳು ಊದಿ, ಈ ಪುಟ ತೆಗೆದು ಎಷ್ಟು ಕಾಲವಾಯಿತು ಎಂದ. ಕೆಂಪುಕಿವಿ ಹೆಮ್ಮೆಯಿಂದ ಸಹಿ ಹಾಕಿದ. ಬೆಳ್ಳನೆಯ ಪುಟದಲ್ಲಿ ಆ ಒಂದೇ ಸಹಿ ಒಂಟಿ ಕಾಗೆಯ ಹಾಗೆ ಕೂತಿತು.

ಮೂರು ಗಂಟೆಗೆ ಅವನ ಕೈ ಓಟಕ್ಕೆ ಬಿದ್ದಿತ್ತು. ಒಂದೊಂದು ಬೆಸುಗೆಯೂ ಇಬ್ಬನಿಯ ಹನಿಯ ಹಾಗೆ ಸರಿಯಾದ ಜಾಗದಲ್ಲಿ ಕೂರುತ್ತಿತ್ತು. ಮುಗಿದದ್ದನ್ನು ನೀಲಿ ಟ್ರಾಲಿಗೆ ಹಾಕುತ್ತ, ತುದಿಗೆ ಸೋಲ್ಡರ್ ಬಳಿಯುತ್ತ, ಮತ್ತೊಂದನ್ನು ಎತ್ತಿಕೊಳ್ಳುತ್ತ, ಸಂಜೆಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದ. ಹೇಳಬೇಕಾಗಿಯೇ ಬರಲಿಕ್ಕಿಲ್ಲ ಎಂದೂ ಅನ್ನಿಸಿತು. ಪುಟವೇ ಹೇಳುತ್ತದೆ.

ನಾಲ್ಕಕ್ಕೆ ಐದು ನಿಮಿಷವಿದೆ ಅನ್ನುವಾಗ ಪಕ್ಕದ ಮೋಡ ಅವನ ಮೇಜಿನ ಮೇಲೆ ಬಂದು ನಿಂತಿತು.

"ಅಣ್ಣಾ, ಬೇಜಾರು ಮಾಡ್ಕೋಬೇಡ. ಮಧ್ಯಾಹ್ನ ತಂದದ್ದೂ ಹೋಯ್ತು. ಹೇಗೂ ನಿಂದು ಹೊಸದು. ಮೇಡಂ ಬರೋ ಹೊತ್ತಿಗೆ ಒಂದೈದು ನಿಮಿಷ."

"ಇಲ್ಲ."

ಎಂಟು ಮೇಜುಗಳಿಂದ ಎಂಟು ತಲೆಗಳು ಮೇಲೆದ್ದವು. ಆ ಮಾತು ಯಾರ ಬಾಯಿಂದ ಬಂತೆಂದು ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ಕೆಂಪುಕಿವಿಯೇ. ಎರಡಕ್ಷರ ದಾಟಿದ ಮೇಲೆ ಹಿಂದಿನದೆಲ್ಲ ತಳ್ಳಿಕೊಂಡು ಬಂತು. ನಲವತ್ತೆರಡು ವರ್ಷದ್ದು.

"ಇಲ್ಲ ಕಣೋ, ಕೊಡಲ್ಲ. ಒಂದು ಬಿಟ್ಟನ್ನ ನಾಲ್ಕು ತಿಂಗಳು ಇಟ್ಕೊಂಡಿದ್ದೆ ನಾನು. ನಿನ್ನ ಕೈಗೆ ಒಂದೂವರೆ ಗಂಟೆ ಕೊಟ್ಟೆ, ನೀನು ಹೆಣ ಮಾಡಿ ತಂದಿಟ್ಟೆ. ಅದಕ್ಕೆ ಅರ ಹಾಕ್ತಾರೇನೋ, ಅದೇನು ಕುಡುಗೋಲಾ? ನಾನು ಉರಿ ಏರಿಸಲ್ಲ. ಬಲ ಹಾಕಲ್ಲ, ಒತ್ತಲ್ಲ, ತಾಗಿದ್ರೆ ಸಾಕು. ಎದ್ದು ಹೋದ್ರೆ ಆರಿಸಿ ಹೋಗ್ತೀನಿ. ನಿಮ್ಮ ಥರ ದಿನವಿಡೀ ಉರಿಸಿ, ಹೊಗೆ ಎಬ್ಬಿಸಿ, ಬೆವರು ಸುರಿಸಿ ಕೆಲಸ ಮಾಡ್ತಿದೀನಿ ಅಂತ ತೋರಿಸ್ಕೊಳ್ಳೋ ಚಟ ನನಗಿಲ್ಲ. ಹೋಗಿ ನನ್ನ ಪುಟ ನೋಡಿ. ಎಲ್ಲಾರೂ ನೋಡಿ."

ಹೇಳಿ ಮುಗಿಸಿದಾಗ ಅವನ ಕಿವಿ ಬೆಳ್ಳಗಿದ್ದವು. ಮೈ ಹತ್ತಿಯಷ್ಟು ಹಗುರವಾಗಿತ್ತು. ಆಗಲೇ ಬಾಗಿಲಲ್ಲಿ ಮೇಡಂ ನಿಂತಿರುವುದು ಕಂಡಿತು. ಚಿಕ್ಕ ವಯಸ್ಸಿನ, ಮೆತ್ತಗಿನ ದನಿಯ ಹೆಣ್ಣುಮಗಳು. ಎಲ್ಲವನ್ನೂ ಕೇಳಿಸಿಕೊಂಡಿದ್ದರು, ಅಷ್ಟೇ ಅಲ್ಲ, ಬರೆದುಕೊಂಡಿದ್ದರು. ಅವರ ಹಿಂದೆ ಸ್ಟೋರ್ ಕೀಪರ್ ರಿಜಿಸ್ಟರನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಕೆಂಪುಕಿವಿಗೆ ಕಣ್ಣು ತುಂಬಿ ಬಂತು. ಕಡೆಗೂ ಯಾರೋ ಪುಟ ನೋಡಿದ್ದಾರೆ.

"ನೀವು ಇಷ್ಟು ಬಿಚ್ಚಿ ಹೇಳಿದ್ದು ಒಳ್ಳೇದಾಯ್ತು" ಅಂದರು ಮೇಡಂ. "ರಿಜಿಸ್ಟರ್ ನೋಡಿದಾಗ ನಂಗೊಂದು ಅನುಮಾನ ಇತ್ತು. ಒಬ್ಬರ ಮೇಲೆ ಸುಮ್ಮನೆ ಹೇಳಬಾರದು ಅಂತ ಸುಮ್ಮನಿದ್ದೆ."

ಏನು ಅನುಮಾನ ಎಂದು ಅವನು ಕೇಳಿದ.

"ಇಲ್ಲಿ ಯಾರ ಕೆಲಸ ಎಷ್ಟು ಅಂತ ಗೊತ್ತಾಗೋದು ಇದೊಂದರಲ್ಲೇ ಅಲ್ವಾ. ನಾಲ್ಕನೇ ಮೇಜಿನವರು ನಾಲ್ಕು ತಿಂಗಳಲ್ಲಿ ಇಪ್ಪತ್ತಾರು ಬಿಟ್ ಸವೆಸಿದಾರೆ. ಪಾಪ, ಎಷ್ಟು ದುಡಿದಿರಬೇಕು. ನಿಮ್ಮದು ಒಂದೇ ಒಂದು. ಅದೂ ಇವತ್ತು, ನಾನು ಬರ್ತೀನಿ ಅಂತ ಗೊತ್ತಾದ ಮೇಲೆ. ಬೆಳಿಗ್ಗೆ ನೀವು ಬೇಕೂಂತ ಬಿಟ್ ಸುಡ್ತಾ ಇದ್ರಂತೆ, ಐದನೇ ಮೇಜಿನವರು ಸ್ಟೋರಿನ ಹತ್ರ ಸಿಕ್ಕಾಗ ಹೇಳಿದ್ರು. ಬಲ ಹಾಕಲ್ಲ, ಬೆವರು ಸುರಿಸಲ್ಲ ಅಂತ ಈಗ ನೀವೇ ಒಪ್ಕೊಂಡ್ರಿ."

ಅಕ್ಕ ತಲೆ ತಗ್ಗಿಸಿ ಬೋರ್ಡಿನಲ್ಲಿ ಮುಳುಗಿದಳು. ಕೆಂಪುಕಿವಿ ನೀಲಿ ಟ್ರಾಲಿಯ ಕಡೆ ಕೈ ತೋರಿಸಿದ. ಅದರಲ್ಲಿ ಮುನ್ನೂರು ಬೋರ್ಡುಗಳಿದ್ದವು. ಯಾವುದರ ಮೇಲೂ ಯಾರ ಹೆಸರೂ ಇರಲಿಲ್ಲ. ಮೇಡಂ ಟ್ರಾಲಿ ನೋಡಿ, ಅವನನ್ನು ನೋಡಿ, ಇನ್ನೂ ಏನಾದರೂ ಹೇಳುತ್ತಾನೇನೋ ಎಂದು ಮರ್ಯಾದೆಯಿಂದ ಕಾದರು. ಹೇಳಲು ಬೇಕಾದಷ್ಟಿತ್ತು. ಆದರೆ ಇದ್ದ ಮಾತನ್ನೆಲ್ಲ ಈಗಷ್ಟೇ ಹೊಗೆರಾಯನ ಮೇಲೆ ಸುರಿದಿದ್ದ. ಬುಡದಿಂದ ಮೇಲೆ ಬಂದದ್ದು ಹಳೆಯದೇ.

"ಆಗಲಿ, ಪರವಾಗಿಲ್ಲ."

ಮೂರನೇ ಮೇಜು ತೆಗೆಯುವುದೆಂದು ಬರೆದು ಮೇಡಂ ಹೊರಟುಹೋದರು. ಕಿವಿ ಮತ್ತೆ ಕೆಂಪಾದವು. ಪ್ಯಾಕಿಂಗ್ ಕೋಣೆಯ ಬಾಗಿಲಲ್ಲಿ ಬಾಮೈದ ಆಗಲೇ ಬಂದು ನಿಂತಿದ್ದ. ಭಾವ, ಅವಸರ ಇಲ್ಲ, ನಿಮ್ಮ ಅಳತೆಯ ಏಪ್ರನ್ ಎತ್ತಿಟ್ಟಿದೀನಿ, ಮನೆಗೆ, ಅಕ್ಕನಿಗೆ, ಫೋನು ನಾನೇ ಮಾಡಿದೆ ಎಂದು ಅಲ್ಲಿಂದಲೇ ಕೂಗಿ ಹೇಳಿದ.

ಮೇಜು ಬಿಡುವ ಚೀಟಿಗೆ ಸ್ಟೋರಿನ ಸಹಿ ಬೇಕಿತ್ತು. ಕೆಂಪುಕಿವಿ ಬಿಟ್ ಬಿಚ್ಚಿ ಕಿಟಕಿಯಲ್ಲಿಟ್ಟ. ಸ್ಟೋರ್ ಕೀಪರ್ ಬಿಳಿ ಕಾಗದ ತೆಗೆದು, ಗೆರೆ ಎಳೆದು, ತಲೆಯಾಡಿಸಿದ.

"ಜೀವ ಇರೋದನ್ನ ವಾಪಸು ತಗೊಳ್ಳೋ ನಿಯಮ ಇಲ್ಲ ಸ್ವಾಮಿ. ಕಪ್ಪಾದ ಮೇಲೆ ತನ್ನಿ. ಐದೂವರೆಗೆ ಮುಚ್ತೀನಿ. ತರದಿದ್ರೆ ಕಳೆದುಹಾಕಿದ್ರು ಅಂತ ನಿಮ್ಮ ಪುಟದಲ್ಲಿ ಬರೀಬೇಕಾಗತ್ತೆ."

ನಾಲ್ಕೂಮುಕ್ಕಾಲಿಗೆ ಅವನು ಮತ್ತೆ ಮೂರನೇ ಮೇಜಿನಲ್ಲಿ ಕೂತ. ಗುಬುಟನ್ನು ನಾನೂರೈವತ್ತಕ್ಕೆ ತಿರುಗಿಸಿದ. ಸಾಯಿ ಎಂದು ಬಿಟ್ಟಿಗೆ ಹೇಳಿದ, ಗಟ್ಟಿಯಾಗಿಯೇ. ಆದರೆ ಅದನ್ನು ಹುಡುಕಿ ಆರಿಸಿದವನು ಅವನಲ್ಲವೇ. ದಪ್ಪ ಅಂಗಿಯ ಆ ಬಿಟ್ ಉರಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಬೆಳ್ಳಗೆ ಮಿನುಗುತ್ತ ಕೂತಿತು. ಹತ್ತು ನಿಮಿಷಕ್ಕೆ ತುದಿ ಒಂದಿಷ್ಟು ಮಂಕಾಯಿತು. ಸದ್ಯ ಎಂದು ಉಸಿರು ಬಿಡುವಷ್ಟರಲ್ಲಿ ಅವನ ಎಡಗೈ, ಅವನನ್ನು ಕೇಳದೆ, ಸೋಲ್ಡರ್ ತಂತಿ ಎತ್ತಿ ತುದಿಗೆ ಮುಟ್ಟಿಸಿತು. ಬಿಟ್ ಮತ್ತೆ ಫಳಫಳ ಹೊಳೆಯಿತು. ಅವನು ತಂತಿಯನ್ನು ಮೇಜಿನ ಆ ತುದಿಗೆ ಎಸೆದ. ಮತ್ತೆ ಮಂಕಾಗುವಾಗ ಎಡಗೈ ಆ ತುದಿಯ ತನಕ ಹೋಗಿ ತಂದಿತು. ಮೂರನೆಯ ಸಲ ಎಡಗೈಯ ಮೇಲೆ ಕೂತುಕೊಂಡ. ಬಲಗೈ ಬಳಿಯಿತು.

ಗಡಿಯಾರದಲ್ಲಿ ಐದೂಕಾಲಾಗಿತ್ತು. ಕೋಣೆ ಖಾಲಿಯಾಗುತ್ತಿತ್ತು. ಈ ಬಿಟ್ಟನ್ನು ಕಾಲು ಗಂಟೆಯಲ್ಲಿ ಕೊಲ್ಲಬಲ್ಲವನು ಇಡೀ ಕಾರ್ಖಾನೆಯಲ್ಲಿ ಒಬ್ಬನೇ. ಅವನು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಕೆಂಪುಕಿವಿ ಬಿಟ್ಟನ್ನು ಒದ್ದೆ ಸ್ಪಂಜಿಗೆ ಒತ್ತಿ ತಣಿಸಿ, ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ನಾಲ್ಕನೇ ಮೇಜಿಗೆ ಹೋಗಿ ನಿಂತ. ಗಂಟಲು ಸರಿಮಾಡಿಕೊಂಡ.

"ಇದನ್ನ ಒಂದರ್ಧ... ಒಂದು ಕಾಲು ಗಂಟೆ ಇಟ್ಕೊಳ್ತೀಯಾ? ಅರ ಬೇಕಾದ್ರೂ ಹಾಕು."

ಹೊಗೆರಾಯ ಬಿಟ್ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ಒಂದು ಒಳ್ಳೆಯ ಪಾಠ ಕಲಿತವನ ಸಮಾಧಾನ ಇತ್ತು.

"ನೀನು ಅಂದಿದ್ದು ಮನಸ್ಸಿಗೆ ನಾಟಿತಣ್ಣ. ಇನ್ನು ಜೀವ ಇರೋ ತನಕ ಬೇರೆಯವರ ಬಿಟ್ ಮುಟ್ಟಲ್ಲ ಅಂತ ಆಗಲೇ ತೀರ್ಮಾನ ಮಾಡಿದೀನಿ."

ಬಿಟ್ಟಿನ ಮೇಲೆ ಕೆಂಪುಕಿವಿಯ ಬೆರಳುಗಳನ್ನೇ ಮೃದುವಾಗಿ ಮಡಿಸಿಟ್ಟು, ಎರಡಕ್ಷರ ಹೇಳಿ ಹೊರಟ.

"ಇಲ್ಲ."